ಮೆಟ್ಟಿಲು ಎಡಕ್ಕೋ ಬಲಕ್ಕೋ

ನಮ್ಮ ಮನೆಯಲ್ಲಿ ಯಾವ ಮಹತ್ಕಾರ್ಯ ನಡೆದರೂ ಕೊನೆಗೆ ಪಾತ್ರೆ ತೊಳೆಯುವವಳು ನಾನೇ. ಮದುವೆಯಾದಂದಿನಿಂದ ಈ ವಿಷಯವನ್ನು ನಾನು ಹಲವು ವೇದಿಕೆಗಳಲ್ಲಿ (ಅಂದರೆ ಅಡುಗೆಮನೆ, ಮಹಡಿಯ ಬಟ್ಟೆ ಹಗ್ಗದ ಕೆಳಗೆ, ಸ್ಕೂಟರಿನ ಹಿಂದಿನ ಸೀಟು) ಮಂಡಿಸಿದ್ದೇನೆ. ಪ್ರತಿ ಸಲವೂ ನನ್ನ ಗಂಡ, "ಛೆ, ಹೌದಲ್ಲ, ಇನ್ಮೇಲೆ ನಾನೂ ಕೈ ಹಾಕ್ತೀನಿ ಕಣೇ" ಅನ್ನುತ್ತಾರೆ. ಹಾಕುತ್ತಾರೆ ಕೂಡ. ಒಂದು ಲೋಟ ತೊಳೆದು, ತಮ್ಮ ಅಂಗಡಿಯ ಔಷಧಿ ಸೀಸೆಯ ಹಾಗೆ ಅದನ್ನು ಬೆಳಕಿಗೆ ಹಿಡಿದು ನೋಡಿ, ಬಲು ಹುಷಾರಾಗಿ ಬೋರಲು ಹಾಕಿ, "ಆಯ್ತಲ್ಲ" ಎಂದು ಕೈ ಒರೆಸಿಕೊಳ್ಳುತ್ತಾರೆ. ಲೋಟದ ಬೆನ್ನಿಗೆ ಕಾದು ಕೂತ ಇಡೀ ಪಾತ್ರೆಗಳ ಸೈನ್ಯ ಅವರ ಕಣ್ಣಿಗೆ ಬೀಳುವುದಿಲ್ಲ.

ಕಣ್ಣು ಅವರಿಗೆ ಇಲ್ಲವೆಂದಲ್ಲ. ಅವರು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವರು. ಡಾಕ್ಟರುಗಳ ಕೈಬರಹ ಓದಿ ಓದಿ, ಈ ಜಗತ್ತಿನಲ್ಲಿ ತಮಗೆ ಓದಲಾಗದ್ದು ಯಾವುದೂ ಇಲ್ಲ ಎಂಬ ಆತ್ಮವಿಶ್ವಾಸ ಬೆಳೆಸಿಕೊಂಡಿದ್ದಾರೆ. ನಾನೇನೂ ಕಡಿಮೆಯವಳಲ್ಲ. ವಿಮಾ ಕಚೇರಿಯ ಪರಿಹಾರ ವಿಭಾಗದಲ್ಲಿ ಕೂತು, ಜನ ತಂದುಕೊಡುವ ಫೋಟೋಗಳಲ್ಲಿ ಸುಳ್ಳು ಯಾವುದು, ನಿಜ ಯಾವುದು ಎಂದು ಹೆಕ್ಕುವುದೇ ನನ್ನ ಕಸುಬು. ಒಮ್ಮೆ ಒಬ್ಬ ಮಹಾಶಯ ಗುದ್ದಿಸಿಕೊಂಡ ಕಾರಿನ ಫೋಟೋವನ್ನೇ ತಿರುವಿ ಅಚ್ಚು ಹಾಕಿಸಿ, ಎಡಗಡೆಯ ನೆಗ್ಗನ್ನು ಬಲಗಡೆಗೂ ತೋರಿಸಿ ಎರಡೆರಡು ಸಲ ಪರಿಹಾರ ಕೇಳಿದ್ದ. ಹಿಡಿದವಳು ನಾನು. ಆ ಕಥೆಯನ್ನು ನಮ್ಮ ಮನೆಯಲ್ಲಿ ಎಲ್ಲರೂ ಕೇಳಿದ್ದಾರೆ. ನಮ್ಮ ಅಕ್ಕಪಕ್ಕದವರೂ ಕೇಳಿದ್ದಾರೆ. (ಅದನ್ನು ನೆನಪಿಟ್ಟುಕೊಳ್ಳಿ. ನನ್ನ ಪತನದ ಬೀಜ ಅಲ್ಲೇ ಇದೆ.)

ಹೀಗೆ ಇಬ್ಬರು ಪತ್ತೇದಾರರಿರುವ ಮನೆಯಲ್ಲಿ ಒಂದು ದಿನ ಮಾವನವರ ಫೋಟೋ ಗೋಡೆಯಿಂದ ಬಿತ್ತು. ಬೀಳಿಸಿದವಳು ನಾನೇ, ಧೂಳು ಹೊಡೆಯುವಾಗ. ಧೂಳು ಹೊಡೆಯದವರಿಂದ ಏನೂ ಬೀಳುವುದಿಲ್ಲ. ಈ ಮನೆಯಲ್ಲಿ ಒಡೆದ ಸಾಮಾನುಗಳೆಲ್ಲ ನನ್ನ ಹೆಸರಿನಲ್ಲಿರುವುದಕ್ಕೆ ಅದೇ ಕಾರಣ. ಗಾಜು ಪುಡಿಯಾಯಿತು, ಹಿಂದಿನ ರಟ್ಟು ಕಳಚಿತು. ಮಾವನವರ ಬೆನ್ನ ಹಿಂದಿನಿಂದ ಒಬ್ಬ ಹುಡುಗಿ ಹೊರಗೆ ಬಂದಳು.

ಸಣ್ಣ ಕಪ್ಪುಬಿಳುಪು ಫೋಟೋ. ಎರಡಂತಸ್ತಿನ ಒಂದು ಕಟ್ಟಡ, ಸಾಲಾಗಿ ಕಮಾನು ಕಿಟಕಿಗಳು, ತೀರಾ ಮೇಲೆ ಒಂದು ಗುಂಡು ಕಿಟಕಿ. ಎಡಗಡೆಯಲ್ಲಿ, ಹೊರಗೋಡೆಗೆ ಅಂಟಿಕೊಂಡೇ ಮೇಲಕ್ಕೆ ಹತ್ತುವ ಕಲ್ಲಿನ ಮೆಟ್ಟಿಲು. ಹೆಸರಿನ ಹಲಗೆ ಇದ್ದಿರಬೇಕಾದ ಜಾಗವನ್ನು ಯಾರೋ ಕತ್ತರಿಸಿ ಹಾಕಿದ್ದರು. ಮೆಟ್ಟಿಲ ಬುಡದಲ್ಲಿ ಹದಿನೆಂಟರ ಹುಡುಗಿ, ಕೂದಲು ಕೆದರಿದೆ, ಒಂದು ಕೈಯಲ್ಲಿ ಗುಂಡಗಿನ ಏನೋ ಒಂದು ವಸ್ತು. ಹಲ್ಲೆಲ್ಲ ಕಾಣುವ ಹಾಗೆ ನಗುತ್ತಿದ್ದಾಳೆ.

"ಯಾರ್ರೀ ಇದು?" ಎಂದೆ.

ಗಂಡ ಕನ್ನಡಕ ಹಣೆಗೇರಿಸಿ ನೋಡಿದರು, ಇಳಿಸಿ ನೋಡಿದರು. "ಮೂಗು ನಂದೇ" ಎಂದರು ಕೊನೆಗೆ.

ಮೂಗು ಅತ್ತೆಯದು. ಅತ್ತೆಯ ಮುಖದಲ್ಲಿ ನಾನು ಬಲ್ಲ ನಗುಗಳು ಹಲವು: ನೆಂಟರು ಬಂದಾಗಿನದು, ಸಾರಿಗೆ ಉಪ್ಪು ಹೆಚ್ಚಾದಾಗ ನನ್ನನ್ನು ಕಾಪಾಡುವುದಕ್ಕೆ ನಗುವುದು, ಮೊಣಕಾಲು ನೋವಿದ್ದರೂ ಇಲ್ಲ ಎನ್ನುವಾಗಿನದು. ಈ ನಗು ಮಾತ್ರ ನನಗೆ ಪರಿಚಯವಿರಲಿಲ್ಲ.

ಕೈಯಲ್ಲಿರುವುದು ಕನ್ನಡಿ ಎಂದು ಗಂಡ, ಸಣ್ಣ ಬಾಣಲೆ ಎಂದು ನಾನು. (ಹೆಣ್ಣಿನ ಕೈಯಲ್ಲಿ ಒಂದೋ ಕನ್ನಡಿ, ಇಲ್ಲವೇ ಬಾಣಲೆ. ನಾವಿಬ್ಬರೂ ಎಂಥ ಮುಂದುವರಿದ ಜನ ನೋಡಿ.) ಅತ್ತೆ ಕುರ್ಚಿಯಲ್ಲಿ ಕಾಲು ನೀಡಿಕೊಂಡು ಇದನ್ನೆಲ್ಲ ಕೇಳಿ, ಫೋಟೋ ಈಸಿಕೊಂಡು ಮಡಿಲಲ್ಲಿಟ್ಟುಕೊಂಡರು.

"ಬ್ಯಾಟು ಕಣಮ್ಮ. ಟೇಬಲ್ ಟೆನಿಸ್ ಬ್ಯಾಟು."

ಆಮೇಲೆ ತಿಳಿದದ್ದು ಇಷ್ಟು. ಮದುವೆಗೆ ಮುಂಚೆ ಅತ್ತೆ ತಮ್ಮ ಅಕ್ಕನ ಬಾಣಂತನಕ್ಕೆಂದು ಇದೇ ಊರಿಗೆ ಬಂದು ಕೆಲವು ತಿಂಗಳು ಇದ್ದರಂತೆ. ಮಧ್ಯಾಹ್ನ ಮಗು ಮಲಗಿದಾಗ ಅಕ್ಕ, "ಹೋಗೇ, ಸ್ವಲ್ಪ ಗಾಳಿ ಕುಡಿದು ಬಾ" ಎಂದು ಅವರನ್ನು ಹೊರಗೆ ದಬ್ಬುತ್ತಿದ್ದಳಂತೆ. ಸಂದಿಗೊಂದಿಗಳಲ್ಲಿ ನಡೆದರೆ ಒಂದು ಕಟ್ಟಡ, ಯಾವ ಬೀದಿ ಎಂಬುದು ಈಗ ನೆನಪಿಲ್ಲವಂತೆ. ಮಹಡಿಯ ಮೇಲೆ ಹೆಂಗಸರದೇ ಒಂದು ಆಟದ ಕ್ಲಬ್ಬು. ಊರು ಬಿಡುವ ಹೊತ್ತಿಗೆ ಅಲ್ಲಿ ಅತ್ತೆಯನ್ನು ಸೋಲಿಸುವವರು ಯಾರೂ ಇರಲಿಲ್ಲವಂತೆ. ಅದೇ ಹೊತ್ತಿಗೆ ಮದುವೆ ಗೊತ್ತಾಯಿತು. ಮುಂದೆ ಮಗನ ಕೆಲಸದ ದೆಸೆಯಿಂದ ಇದೇ ಊರಿಗೆ ಬಂದಾಗ, ಆ ಕಟ್ಟಡ ಒಂದು ಸಲ ನೋಡೋಣವೇ ಎಂದು ಮಾವನವರನ್ನು ಕೇಳಿದ್ದರಂತೆ. "ನೋಡೋಣ" ಎಂದಿದ್ದರಂತೆ ಅವರು. ಆ ನೋಡೋಣದಲ್ಲೇ ಅವರ ಕಾಲ ಮುಗಿಯಿತು. ಅವರ ಫೋಟೋಗೆ ಚೌಕಟ್ಟು ಹಾಕಿಸುವಾಗ ಹಿಂದಕ್ಕೆ ಒತ್ತು ಸಾಲದು, ಇನ್ನೊಂದು ದಪ್ಪ ಕಾಗದ ಬೇಕು ಎಂದು ಅಂಗಡಿಯವನು ಅಂದನಂತೆ. ಅತ್ತೆ ಇದನ್ನೇ ಅಳತೆಗೆ ಕತ್ತರಿಸಿ ಕೊಟ್ಟರಂತೆ.

"ಎಲ್ಲೋ ಒಂದು ಕಡೆ ಉಪಯೋಗಕ್ಕೆ ಬಂತಲ್ಲ" ಎಂದರು ಅತ್ತೆ.

ಈಗ ಮೊಣಕಾಲಿನ ವಿಷಯ ಹೇಳಬೇಕು. ಅತ್ತೆಯ ಬಲಮೊಣಕಾಲು ಸವೆದು ಹೋಗಿದೆ, ಬದಲಾಯಿಸಬೇಕು, ಇನ್ನು ತಡ ಮಾಡಿದರೆ ನಡೆಯುವುದೂ ಕಷ್ಟ ಎಂದು ಡಾಕ್ಟರು ಹೇಳಿ ಆಗಿತ್ತು. ಅತ್ತೆ ಒಪ್ಪುತ್ತಿರಲಿಲ್ಲ. ಇವತ್ತು ನಾಳೆ ಎಂದು ಮುಂದೆ ತಳ್ಳುತ್ತಿದ್ದವರು ಆ ದಿನ ಫೋಟೋ ಹಿಡಿದುಕೊಂಡೇ ಒಂದು ಕರಾರು ಹಾಕಿದರು. ಈ ಮೆಟ್ಟಿಲು ಇನ್ನೂ ಇದ್ದರೆ ಒಂದು ಸಲ ಹತ್ತಿ ಬರಬೇಕು. ಆಮೇಲೆ ಯಾವ ಆಪರೇಷನ್ನಿಗೆ ಬೇಕಾದರೂ ಸರಿ.

"ಆಪರೇಷನ್ ಆದ್ಮೇಲೆ ಆರಾಮಾಗಿ ಹತ್ತಬಹುದಲ್ಲಮ್ಮ" ಎಂದರು ಮಗ.

"ಹೊಸ ಮೊಣಕಾಲಿಗೂ ಆ ಮೆಟ್ಟಿಲಿಗೂ ಏನಪ್ಪ ಸಂಬಂಧ? ಅದನ್ನ ಓಡಿ ಹತ್ತಿದ್ದು ಈ ಕಾಲು."

ಗಂಡ ಫೋಟೋ ಈಸಿಕೊಂಡು ಭೂತಗನ್ನಡಿ ಹುಡುಕಲು ಹೋದರು.

ಅಲ್ಲಿಂದ ನಮ್ಮ ಮನೆಯಲ್ಲಿ ಶೋಧಪರ್ವ ಶುರುವಾಯಿತು. ಊಟದ ಮೇಜು ಗಂಡನ ಪ್ರಯೋಗಶಾಲೆಯಾಯಿತು. ಭೂತಗನ್ನಡಿ, ಅಳತೆಪಟ್ಟಿ, ಊರಿನ ನಕ್ಷೆ, ನಕ್ಷೆ ಮಡಿಸಿಕೊಳ್ಳದ ಹಾಗೆ ನಾಲ್ಕು ಮೂಲೆಗೂ ನನ್ನ ಅಡುಗೆಮನೆಯ ಡಬ್ಬಿಗಳು. ಸಕ್ಕರೆ ಬೇಕೆಂದರೆ ಊರಿನ ಈಶಾನ್ಯ ಭಾಗ ಸುರುಳಿ ಸುತ್ತಿಕೊಳ್ಳುತ್ತಿತ್ತು. ನಾವು ತಟ್ಟೆಗಳನ್ನು ತೊಡೆಯ ಮೇಲಿಟ್ಟುಕೊಂಡು ಊಟ ಮಾಡಿದೆವು. ಅಂಗಡಿಗೆ ಬಂದ ಮುದುಕರಿಗೆಲ್ಲ ಫೋಟೋ ತೋರಿಸಿ, "ಇದು ಎಲ್ಲಿ ಗೊತ್ತಾ ಯಜಮಾನ್ರೆ?" ಎಂದು ಕೇಳಿದ್ದಾಯಿತು. ಕೆಮ್ಮಿಗೆ ಬಂದವರು ಹಳೆಯ ಚಿತ್ರಮಂದಿರ ಎಂದರು, ಸಕ್ಕರೆ ಕಾಯಿಲೆಯವರು ಹಳೆಯ ಅಂಚೆ ಕಚೇರಿ ಎಂದರು. ಹೆಂಗಸರ ಕ್ಲಬ್ಬಿನ ನೆನಪು ಒಬ್ಬರಿಗೂ ಇರಲಿಲ್ಲ. ಗಂಡಸರಿಗೆ ಪ್ರವೇಶವಿಲ್ಲದ ಜಾಗ ಊರಿನ ಇತಿಹಾಸದಲ್ಲಿ ಹೇಗೆ ಉಳಿಯುತ್ತದೆ?

ಒಂದು ಸಂಜೆ ಸ್ಕೂಟರಿನಲ್ಲಿ ಮನೆಗೆ ಬರುವಾಗ ಗಂಡ ಹಿಂದಕ್ಕೆ ತಿರುಗದೆ ಹೇಳಿದರು: "ಕೇಳಿಲ್ಲಿ. ನಗಬೇಡ. ಅದು ನಿನ್ನ ಆಫೀಸು ಅನ್ಸುತ್ತೆ."

ನಾನು ನಕ್ಕೆ. ನನ್ನ ಆಫೀಸನ್ನು ನೀವು ನೋಡಬೇಕು. ಮುಂಭಾಗವನ್ನು ಪೂರ್ತಿ ಮುಚ್ಚಿಕೊಂಡು ನಮ್ಮ ಕಂಪನಿಯ ಜಾಹೀರಾತು ಹಲಗೆ: ಗಂಡ, ಹೆಂಡತಿ, ಎರಡು ಮಕ್ಕಳು, ನಾಲ್ಕೂ ಜನ ಯಾವ ಕಾರಣವೂ ಇಲ್ಲದೆ ನಗುತ್ತಿದ್ದಾರೆ. ಅದರ ಕೆಳಗೆ ತಗಡಿನ ಚಪ್ಪರ, ಝೆರಾಕ್ಸ್ ಅಂಗಡಿ. ನಾವೆಲ್ಲ ಹೋಗಿಬರುವುದು ಪಕ್ಕದ ಗೇಟಿನಿಂದ, ಹಿಂದುಗಡೆಯ ಸಿಮೆಂಟಿನ ಮೆಟ್ಟಿಲಿನಲ್ಲಿ.

"ಆ ಹಲಗೆ ಮೇಲೆ ಒಂದು ಗುಂಡು ಕಿಟಕಿ ಇಣುಕುತ್ತೆ ನೋಡಿದೀಯಾ?" ಎಂದರು ಗಂಡ.

"ಊರಲ್ಲಿ ಗುಂಡು ಕಿಟಕಿ ಅದೊಂದೇನಾ? ರಸ್ತೆ ನೋಡಿ ಓಡಿಸಿ."

ಆದರೂ ಒಂದು ಹುಳ ತಲೆಯೊಳಗೆ ಹೊಕ್ಕಿತು. ನಮ್ಮ ಕಟ್ಟಡಕ್ಕೆ ಮುಂದಿನ ಕಡೆಯಿಂದಲೂ ಒಂದು ಹಳೆಯ ಮೆಟ್ಟಿಲು ಇದ್ದದ್ದು ನಿಜ. ಅದಕ್ಕೆ ಬೀಗ ಹಾಕಿ, ಕಾಲು ಮುರಿದ ಕುರ್ಚಿಗಳನ್ನು ತುಂಬಿಟ್ಟಿದ್ದರು. ಅದು ಇರುವುದು ಎಡಗಡೆಯಲ್ಲೇ.

ಮಾರನೆಯ ಬೆಳಿಗ್ಗೆ ಅತ್ತೆ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಹುರುಳಿಕಾಯಿ ಹೆಚ್ಚುತ್ತಿದ್ದರು. ನಾನು ಎಂದಿನಂತೆ ಒಲೆಯ ಎಡಗಡೆ ಬಿದ್ದಿದ್ದ ಸೌಟನ್ನು ಎತ್ತಿ ಬಲಗಡೆಯ ತಟ್ಟೆಯಲ್ಲಿಟ್ಟೆ. (ಈ ಸೌಟಿನದೊಂದು ಗೋಳು. ಸೊಸೆಯಾಗಿ ಬಂದಾಗಿನಿಂದ ನಾನು ಅದನ್ನು ಬಲಕ್ಕಿಡುವುದು, ನಾನು ಅತ್ತ ತಿರುಗಿದರೆ ಅದು ಎಡಕ್ಕೆ ಹೋಗಿರುವುದು. ಒಬ್ಬರ ಅಡುಗೆಮನೆಯಲ್ಲಿ ಇನ್ನೊಬ್ಬರು ಹೇಗೆ ಬದುಕಬೇಕು ಎಂಬುದರ ಬಗ್ಗೆ ನಾನು ಇಡೀ ಪುಸ್ತಕ ಬರೆಯಬಲ್ಲೆ.) ಚಾಕು ಟಕಟಕ ಓಡುತ್ತಿತ್ತು. ನಾನು ಅತ್ತೆಯ ಕೈ ನೋಡಿದೆ. ಬಲಗೈ. ಕೂಡಲೇ ಫೋಟೋ ಕಣ್ಣ ಮುಂದೆ ಬಂತು. ಬ್ಯಾಟು ಹಿಡಿದದ್ದು ಎಡಗೈ.

ನನ್ನ ಮೈಯಲ್ಲಿ ಪರಿಹಾರ ವಿಭಾಗ ಎದ್ದು ಕೂತಿತು. ಅದೇ ಕಾರಿನ ಕಥೆ. ಫಿಲ್ಮನ್ನು ತಿರುವಿ ಹಾಕಿ ಅಚ್ಚು ತೆಗೆದಿದ್ದಾರೆ. ಎಡ ಬಲವಾಗಿದೆ, ಬಲ ಎಡವಾಗಿದೆ. ಹಾಗಾದರೆ ಫೋಟೋದಲ್ಲಿ ಎಡಕ್ಕಿರುವ ಮೆಟ್ಟಿಲು ನಿಜದಲ್ಲಿ ಇರಬೇಕಾದದ್ದು ಬಲಕ್ಕೆ. ನಮ್ಮ ಆಫೀಸಿನದು ಎಡಕ್ಕೆ. ಆದ್ದರಿಂದ ನಮ್ಮ ಆಫೀಸು ಖಂಡಿತ ಅಲ್ಲ.

ಗಂಡ ಸ್ನಾನ ಮಾಡಿ ಬರುವವರೆಗೂ ತಡೆದುಕೊಳ್ಳಲಾಗದೆ ಬಚ್ಚಲ ಬಾಗಿಲ ಹೊರಗೆ ನಿಂತೇ ಇದನ್ನು ಘೋಷಿಸಿದೆ. ಜೊತೆಗೆ ಒಂದು ಸಣ್ಣ ಭಾಷಣವೂ ಬಂತು. ನೀವು ಕಮಾನು ನೋಡಿದಿರಿ, ಕಿಟಕಿ ನೋಡಿದಿರಿ, ನೆರಳು ಅಳೆದಿರಿ. ನಿಮ್ಮಮ್ಮನ ಕೈ ನೋಡಲಿಲ್ಲ. ಈ ಮನೆಗೆ ಬಂದಾಗಿನಿಂದ ಆ ಕೈ ಏನೇನು ಮಾಡಿದೆ ಅಂತ ಪಕ್ಕದಲ್ಲಿ ನಿಂತು ನೋಡಿದವಳು ನಾನು. ಹೆಂಗಸರ ದುಡಿಮೆ ಯಾರ ಕಣ್ಣಿಗೂ ಬೀಳೋದಿಲ್ಲ ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ?

ಒಳಗೆ ನೀರು ಸುರಿಯುವುದು ನಿಂತಿತು. "ಬೇಡ ಕಣೇ" ಎಂದಿತು ಸೋತ ದನಿ. "ನೀನು ಹೇಳಿದ್ಮೇಲೆ ಮುಗೀತು."

ನಮ್ಮ ಮಗಳು ಫೋನಿನಲ್ಲಿ ಚಿತ್ರವನ್ನು ತಿರುವಿ ಕೊಟ್ಟಳು. ಇನ್ನು ಮುಂದಿನ ಹುಡುಕಾಟವೆಲ್ಲ ಆ ತಿರುವಿದ ಚಿತ್ರದಿಂದ. ಅಸಲಿ ಫೋಟೋ ಅತ್ತೆಯ ದಿಂಬಿನ ಪಕ್ಕಕ್ಕೆ ಹೋಯಿತು. ಫೋನಿನ ಚಿತ್ರ ಅವರ ಕಣ್ಣಿಗೆ ಹೇಗೂ ಹತ್ತುತ್ತಿರಲಿಲ್ಲ. ಆದರೂ ಸಂಶೋಧನೆಯಲ್ಲಿ ಏನೂ ಲೋಪ ಇರಬಾರದೆಂದು ಒಮ್ಮೆ ಅವರ ಮುಂದೆ ಕೂತು ಕೇಳಿದೆ.

"ಅತ್ತೆ, ಕಟ್ಟಡದ ಎದುರು ನಿಂತರೆ ಮೆಟ್ಟಿಲು ಯಾವ ಕಡೆ ಬರ್ತಿತ್ತು?"

"ಈ ಕಡೆ" ಎಂದು ಅವರು ಎಡಗೈ ಎತ್ತಿದರು.

ಅಯ್ಯೋ ಪಾಪ ಅನ್ನಿಸಿತು. ಫೋಟೋ ನೋಡಿ ನೋಡಿ ಅದೇ ನೆನಪಾಗಿ ಕೂತಿದೆ. ವಯಸ್ಸು. "ಹೌದು ಅತ್ತೆ, ಹೌದು" ಎಂದು ಅವರ ಕೈ ತಟ್ಟಿ, ಬಲಗಡೆ ಮೆಟ್ಟಿಲಿರುವ ಕಟ್ಟಡ ಹುಡುಕಲು ಎದ್ದೆ.

ಆಮೇಲಿನ ಭಾನುವಾರಗಳ ವಿಷಯ ಏನು ಹೇಳಲಿ. ಸಂಶೋಧನೆ ಅವರದು, ಬುತ್ತಿ ನನ್ನದು. ಹೊರಡುವ ಮುಂಚೆ ತಿಂಡಿ ಕಟ್ಟಬೇಕು, ಬಿಸಿನೀರಿನ ಫ್ಲಾಸ್ಕು, ಅತ್ತೆಯ ಮೊಣಕಾಲ ಕೆಳಗಿಡಲು ದಿಂಬು, ನೋವಿನ ಮುಲಾಮು, ಆಟೋದವನ ಜೊತೆ ಚೌಕಾಸಿ. ಗಂಡ ಸ್ಕೂಟರಿನಲ್ಲಿ ಮುಂದೆ ಹೋಗಿ ದಾರಿ ತೋರಿಸುವವರು. ಸೇನಾಪತಿಯ ಹಾಗೆ ಕೈ ಎತ್ತುವರು, ತಪ್ಪು ಸಂದಿಗೆ ತಿರುಗುವರು. ಮೊದಲ ವಾರ ಬಲಗಡೆ ಮೆಟ್ಟಿಲಿದ್ದದ್ದು ಒಂದು ಬೇಕರಿಯ ಗೋದಾಮು. ಅತ್ತೆ ಆಟೋದಿಂದಲೇ ಇಣುಕಿ, "ಇದಲ್ಲ" ಎಂದರು. ಇನ್ನೊಂದು ವಾರ ಸಿಕ್ಕಿದ್ದು ಯಾರದೋ ಮನೆ. ಬಾಡಿಗೆಗೆ ಕೇಳಲು ಬಂದವರೆಂದು ಯಜಮಾನರು ನಮ್ಮನ್ನು ಒಳಗೆ ಕರೆದು, ನೀರಿನ ಅನುಕೂಲ ತೋರಿಸಿ, ಅತ್ತೆಯನ್ನು ಕಂಡು "ವಯಸ್ಸಾದವರಿದ್ದರೆ ಮಹಡಿ ಕಷ್ಟ ಆಗುತ್ತಲ್ಲ" ಎಂದು ಮರುಗಿದರು. ಮತ್ತೊಂದು ವಾರ ಹೆರಿಗೆ ಆಸ್ಪತ್ರೆ. ಅಲ್ಲಿಯ ನರ್ಸು ನಮ್ಮ ಬುತ್ತಿ, ದಿಂಬು, ಫ್ಲಾಸ್ಕು ನೋಡಿ, "ಪೇಷೆಂಟ್ ಎಲ್ಲಿ?" ಎಂದು ಕೇಳಿದಳು. ಗಂಡ ಅಭ್ಯಾಸಬಲದಿಂದ ಚೀಟಿಗಾಗಿ ಕೈ ಚಾಚಿದರು.

"ಇದಲ್ಲ" ಎಂದರು ಅತ್ತೆ, ಪ್ರತಿ ಸಲವೂ. ಆದರೆ ಪ್ರತಿ ಸಲ ಆ ಮಾತು ಒಂದಿಷ್ಟು ಸಣ್ಣದಾಗುತ್ತ ಬಂತು.

ಆ ಹೆರಿಗೆ ಆಸ್ಪತ್ರೆ ನೋಡಿ ಬಂದ ದಿನ ಅವರ ಮೊಣಕಾಲು ಊದಿಕೊಂಡಿತ್ತು. ನಾನು ಮುಲಾಮು ಹಚ್ಚುತ್ತಿದ್ದೆ. ಅತ್ತೆ ನನ್ನ ನೆತ್ತಿಯ ಮೇಲೆ ಕೈಯಿಟ್ಟರು.

"ಸಾಕಮ್ಮ. ಒಡೆದು ಹಾಕಿರ್ತಾರೆ. ವಾರವಿಡೀ ದುಡಿದು ಬರ್ತೀಯ, ಭಾನುವಾರವೂ ನಿನಗೆ ಕೂರೋಕೆ ಬಿಡ್ತಿಲ್ಲ ನಾನು. ಡಾಕ್ಟರಿಗೆ ಹೇಳಿಬಿಡು, ಬರೋ ವಾರ ಮಾಡಿಸ್ಕೋತೀನಿ."

ನಾವು ಬಯಸಿದ್ದೂ ಅದೇ ಅಲ್ಲವೇ, ಅವರು ಒಪ್ಪಬೇಕೆಂದು. ಒಪ್ಪಿದರು. ಗಂಡ ಹೋಗಿ ಊಟದ ಮೇಜಿನ ಮೇಲಿನ ನಕ್ಷೆ ಸುತ್ತಿಟ್ಟರು. ಡಬ್ಬಿಗಳು ಅಡುಗೆಮನೆಗೆ ವಾಪಸ್ಸು ಬಂದವು. ಅಂದು ನಾವೆಲ್ಲ ಮೇಜಿಗೆ ಕೂತು ಊಟ ಮಾಡಿದೆವು, ಯಾರಿಗೂ ಸೇರಲಿಲ್ಲ.

ಅದಾದ ಎರಡು ದಿನಕ್ಕೋ ಮೂರು ದಿನಕ್ಕೋ, ಸಂಜೆ, ಜಿರಳೆ ಬಂತು.

ಸಾಧಾರಣ ಜಿರಳೆಯಲ್ಲ, ಹಾರುವ ಜಿರಳೆ. ಪರಿಹಾರ ವಿಭಾಗದಲ್ಲಿ ಗೂಂಡಾಗಳಂಥವರನ್ನೂ ಎದುರಿಸಿ ಕಳಿಸಿದವಳು ನಾನು. ಆದರೆ ರೆಕ್ಕೆ ಬಿಚ್ಚಿದ ಜಿರಳೆ ಕಂಡರೆ ನನ್ನ ವಿದ್ಯೆ, ಸಂಬಳ, ಸ್ತ್ರೀವಾದ ಎಲ್ಲವೂ ಸ್ಟೂಲು ಹತ್ತಿ ನಿಲ್ಲುತ್ತವೆ. ಹತ್ತಿ ನಿಂತು ಗಂಡನನ್ನು ಕರೆದೆ. ಅವರು ಧೀರನ ಹಾಗೆ ಕೀಟನಾಶಕದ ಡಬ್ಬ ಹಿಡಿದು ಓಡಿಬಂದರು. ಬಂದವರು ಬಾಗಿಲಲ್ಲೇ ನಿಂತು, ಡಬ್ಬದ ತಳವನ್ನು ತಿರುವಿ, ಕನ್ನಡಕ ಹಣೆಗೇರಿಸಿ ಓದಿದರು.

"ಅವಧಿ ಮುಗಿದಿದೆ ಕಣೇ. ಇದನ್ನ ಹೊಡೆಯೋ ಹಾಗಿಲ್ಲ."

ಜಿರಳೆ ಗೋಡೆ ಬಿಟ್ಟು ಹಾರಿತು, ನೇರವಾಗಿ ನನ್ನ ಮುಖದ ಕಡೆಗೆ. ನಾನು ಕಣ್ಣು ಮುಚ್ಚುವುದಕ್ಕೂ ಮುಂಚೆ ಕುರ್ಚಿಯಲ್ಲಿ ಕೂತಿದ್ದ ಅತ್ತೆ ಕಾಲಿನ ರಬ್ಬರ್ ಚಪ್ಪಲಿ ಕಿತ್ತುಕೊಂಡರು. ಮಣಿಕಟ್ಟು ಒಮ್ಮೆ ಹೊರಳಿತು, ಅಷ್ಟೇ. ಚಟ್ ಎಂದು ಒಂದು ಸದ್ದು. ಜಿರಳೆ ನನ್ನ ಕಿವಿಯ ಪಕ್ಕದಿಂದ, ಗಂಡನ ಹೆಗಲ ಮೇಲಿನಿಂದ ಹೋಗಿ, ಕಿಟಕಿಯ ಸರಳುಗಳ ನಡುವಿನ ಸಂದಿಯಲ್ಲಿ ಒಂದಕ್ಕೂ ತಾಗದೆ ಹೊರಬಿತ್ತು.

ಅತ್ತೆ ಚಪ್ಪಲಿಯನ್ನು ನೆಲಕ್ಕೆ ಬಿಟ್ಟು ಕಾಲಿಗೆ ಹಾಕಿಕೊಂಡರು.

"ಅತ್ತೆ" ಎಂದೆ ಸ್ಟೂಲಿನ ಮೇಲಿನಿಂದಲೇ. "ನೀವು ಎಡಗೈಯಲ್ಲಿ ಹೊಡೆದ್ರಿ."

"ಅದೇ ಕಣಮ್ಮ ನನ್ನ ಕೈ."

"ಮತ್ತೆ ಬಲಗೈ?"

"ಅದು ಮದುವೆಯಾಗಿ ಬಂದಮೇಲೆ ಕಲಿತಿದ್ದು." ಅತ್ತೆ ಬಲಗೈಯನ್ನು ಬೇರೆ ಯಾರದ್ದೋ ಎಂಬ ಹಾಗೆ ಒಮ್ಮೆ ನೋಡಿದರು. "ಆಗ ಮನೆ ತುಂಬ ಹೆಂಗಸರು, ಇದ್ದದ್ದು ಒಂದೇ ಒಲೆಕಟ್ಟೆ. ಸಾಲಾಗಿ ನಿಂತ್ರೆ ನನ್ನ ಎಡಮೊಣಕೈ ಪಕ್ಕದವಳಿಗೆ ತಿವೀತಿತ್ತು. ನನ್ನತ್ತೆ ದಿನಾ ಗೊಣಗೋರು. ಜಗಳ ಯಾಕೆ ಅಂತ ಕೈ ಬದಲಾಯಿಸ್ಕೊಂಡೆ. ಶುರುವಲ್ಲಿ ಬೆರಳೆಲ್ಲ ಕುಯ್ಕೊಂಡಿದ್ದೆ. ಆಮೇಲೆ ಅದೇ ಅಭ್ಯಾಸ ಆಗೋಯ್ತು. ಸೌಟು ಕೆಳಗಿಡೋವಾಗ ಮಾತ್ರ ಮರೆತು ಎಡಗಡೆ ಇಟ್ಬಿಡ್ತೀನಿ. ನೀನು ಪಾಪ ದಿನಾ ಎತ್ತಿಡ್ತೀಯ."

"ಒಂದು ಮಾತು ಹೇಳಬಾರದಿತ್ತಾ?"

"ನೀವೆಲ್ಲ ಕಟ್ಟಡದ ವಿಷಯ ಕೇಳಿದ್ರಿ. ಕೈ ವಿಷಯ ಯಾರು ಕೇಳಿದ್ರು?"

ನಾನು ಸ್ಟೂಲಿನಿಂದ ಇಳಿದೆ. ಇಳಿಯುತ್ತ ಇಳಿಯುತ್ತ ನನ್ನ ತಲೆಯಲ್ಲಿ ಲೆಕ್ಕವೂ ಒಂದೊಂದೇ ಮೆಟ್ಟಿಲು ಇಳಿಯಿತು. ಅತ್ತೆ ಎಡಚರು. ಹಾಗಾದರೆ ಫೋಟೋ ಸರಿಯಾಗಿಯೇ ಇದೆ. ಫೋಟೋ ಸರಿಯಾಗಿದ್ದರೆ ಮೆಟ್ಟಿಲು ಎಡಕ್ಕೆ. ಮೆಟ್ಟಿಲು ಎಡಕ್ಕಿದ್ದರೆ...

ಗಂಡ ನನ್ನನ್ನೇ ನೋಡುತ್ತಿದ್ದರು. ಅವಧಿ ಮುಗಿದ ಡಬ್ಬ ಇನ್ನೂ ಕೈಯಲ್ಲಿತ್ತು. "ನಾನು ಹೇಳಿರಲಿಲ್ವಾ" ಎಂಬ ಮಾತು ಅವರ ಗಂಟಲಿನವರೆಗೆ ಬಂದು, ಅಲ್ಲಿಂದ ಹಿಂದಕ್ಕೆ ಹೋದದ್ದನ್ನು ನಾನು ಕಣ್ಣಾರೆ ಕಂಡೆ. ಮದುವೆಯಾದಮೇಲೆ ಅವರು ನನಗೆ ಕೊಟ್ಟ ಉಡುಗೊರೆಗಳಲ್ಲಿ ಅದಕ್ಕಿಂತ ದೊಡ್ಡದು ನನಗೆ ನೆನಪಿಲ್ಲ.

ಆಪರೇಷನ್ನಿನ ಮುಂಚಿನ ಭಾನುವಾರ ನಾವು ನನ್ನ ಆಫೀಸಿಗೆ ಹೋದೆವು. ಮ್ಯಾನೇಜರರ ಅಪ್ಪಣೆ ಕೇಳಿ ಕೀಲಿಕೈ ತಂದಿದ್ದೆ. ಕಾವಲುಗಾರ ಎಂದಿನ ಹಾಗೆ ಪಕ್ಕದ ಗೇಟು ತೆರೆಯಲು ಹೋದ. ಬೇಡ ಎಂದು, ರಸ್ತೆಯಾಚೆ, ಗಂಡ ದಿನಾ ಸಂಜೆ ಸ್ಕೂಟರ್ ನಿಲ್ಲಿಸಿಕೊಂಡು ನನಗಾಗಿ ಕಾಯುವ ಮರದ ಕೆಳಗೆ ನಿಂತು ಮೊದಲ ಬಾರಿಗೆ ಹಿಂದಿರುಗಿ ನೋಡಿದೆ. ನಗುವ ಸಂಸಾರದ ತಲೆಯ ಮೇಲೆ ಗುಂಡು ಕಿಟಕಿ. ಅದರ ಎರಡೂ ಬದಿಗೆ ಕಮಾನುಗಳ ನೆತ್ತಿ. ಒಂದನ್ನೂ ನಾನು ಕಂಡಿರಲಿಲ್ಲ. ಸಂಜೆ ಆಫೀಸು ಬಿಟ್ಟ ಹೆಂಗಸು ಹಿಂದಿರುಗಿ ನೋಡುವುದಿಲ್ಲ. ಅವಳ ಕಣ್ಣ ಮುಂದೆ ಆಗಲೇ ಕುಕ್ಕರು ಕೂತಿರುತ್ತದೆ. ನೋಡುವುದಕ್ಕೆ ಪುರುಸೊತ್ತಿದ್ದದ್ದು ಕಾಯುವವರಿಗೆ.

"ದಿನಾ ನೋಡ್ತಿದ್ರಾ?" ಎಂದೆ.

"ಇನ್ನೇನು ಮಾಡ್ಲಿ? ನೀನು ಯಾವತ್ತು ಹೇಳಿದ ಹೊತ್ತಿಗೆ ಬಂದಿದೀಯ?"

ಬೀಗ ಬಿಚ್ಚಿದರು. ಮುರುಕು ಕುರ್ಚಿಗಳನ್ನು ಗಂಡ ಮತ್ತು ಮಗಳು ಒಂದೊಂದಾಗಿ ಹೊರಗೆ ಸಾಗಿಸಿದರು. ಮೆಟ್ಟಿಲನ್ನು ನಾನು ಗುಡಿಸಿದೆ. (ಹೌದು, ನಾನೇ. ಆದರೆ ಆ ದಿನ ಪೊರಕೆ ಕೈಯಲ್ಲಿ ಭಾರವಾಗಲಿಲ್ಲ.) ಅತ್ತೆ ಬುಡದಲ್ಲಿ ನಿಂತು, ತಲೆಯೆತ್ತಿ ನೋಡಿದರು.

"ಇದೇ" ಎಂದರು.

ಹಿಡಿದುಕೊಳ್ಳಲು ಹೋದೆ. ಬೇಡವೆಂದರು. ಎಡಗೈಯನ್ನು ಗೋಡೆಗೆ ಊರಿ, ಒಂದು ಕಾಲಿಟ್ಟು, ಇನ್ನೊಂದನ್ನು ಅದರ ಪಕ್ಕಕ್ಕೆ ತಂದು, ನಿಂತು, ಮತ್ತೆ ಒಂದು ಕಾಲಿಟ್ಟು. ನಾನು ಹಿಂದೆಯೇ ಹತ್ತಿದೆ, ಬಿದ್ದರೆ ಹಿಡಿಯಲೆಂದು ಎರಡೂ ಕೈ ಚಾಚಿಕೊಂಡು. ಮಧ್ಯದಲ್ಲಿ ಒಂದು ಕಡೆ ಬಹಳ ಹೊತ್ತು ನಿಂತರು. ನೋವಾಯಿತೇನೋ ಎಂದುಕೊಂಡೆ. "ಇಲ್ಲಿ ಒಂದು ಕಲ್ಲು ಜಾರ್ತಿತ್ತು" ಎಂದು ಚಪ್ಪಲಿಯ ತುದಿಯಿಂದ ಅದನ್ನು ಒತ್ತಿ ನೋಡಿದರು. ಕಲ್ಲು ಇನ್ನೂ ಅಲುಗಾಡುತ್ತಿತ್ತು. ಅತ್ತೆ ನಕ್ಕರು. ಅದೇ ನಗು. ಹಲ್ಲುಗಳು ಮಾತ್ರ ಆಗಿನಷ್ಟಿರಲಿಲ್ಲ.

ಮೇಲೆ ಬಾಗಿಲು ತೆರೆದರೆ ನಮ್ಮ ಪರಿಹಾರ ವಿಭಾಗ. ಅತ್ತೆ ಮೇಜುಗಳ ನಡುವೆ ನಿಧಾನ ನಡೆದು ಕಿಟಕಿಯ ಪಕ್ಕ ನಿಂತರು. "ಆಟದ ಮೇಜು ಇಲ್ಲಿತ್ತು ನೋಡು. ಈ ಬೆಳಕು ಬೀಳೋ ಜಾಗದಲ್ಲಿ."

ಅದು ನನ್ನ ಮೇಜು. ಅಲ್ಲೇ ಕೂತು ನಾನು ಈ ಊರಿನ ಸುಳ್ಳುಗಳನ್ನೆಲ್ಲ ಹಿಡಿಯುತ್ತಿದ್ದೆ. ನನ್ನ ಕುರ್ಚಿ ಇದ್ದ ಜಾಗದಲ್ಲಿ ಹದಿನೆಂಟರ ಎಡಚ ಹುಡುಗಿಯೊಬ್ಬಳು ನಿಂತು ಎಲ್ಲರನ್ನೂ ಸೋಲಿಸಿದ್ದಳು.

ಆಗ ಗಂಡ ತಮ್ಮ ಚೀಲದಿಂದ ಎರಡು ಬ್ಯಾಟು, ಒಂದು ಬಿಳಿ ಚೆಂಡು ತೆಗೆದರು. ಅಂಗಡಿಯಿಂದ ಬರುತ್ತ ಯಾವತ್ತೋ ಕೊಂಡಿಟ್ಟಿದ್ದರಂತೆ, ಮೆಟ್ಟಿಲು ಸಿಕ್ಕರೆ ಇರಲಿ ಎಂದು. ನಾವೆಲ್ಲ ಸೇರಿ ಮೇಜಿಗೆ ಮೇಜು ಜೋಡಿಸಿದೆವು. ಮಗಳು ನಡುವೆ ರಬ್ಬರ್ ಮೊಹರುಗಳನ್ನು ಸಾಲಾಗಿ ನಿಲ್ಲಿಸಿದಳು. ಅತ್ತೆ ನನ್ನ ಕುರ್ಚಿಯಲ್ಲಿ ಕೂತರು. ಕೂತೇ ಆಡುತ್ತೇನೆ ಎಂದರು. ಎದುರಿಗೆ ನಾನು.

ಅಂಕಗಳನ್ನು ಇಲ್ಲಿ ಬರೆಯುವ ಅಗತ್ಯ ನನಗೆ ಕಾಣುವುದಿಲ್ಲ. ನಾನು ಇಡೀ ಕಚೇರಿಯ ಉದ್ದಗಲಕ್ಕೂ ಚೆಂಡು ಹೆಕ್ಕುತ್ತ ಓಡಾಡಿದೆ ಎಂದಷ್ಟೇ ಹೇಳಿದರೆ ಸಾಕು. ಒಂದು ಸಲ ಚೆಂಡು "ತಿರಸ್ಕೃತ" ಎಂಬ ಮೊಹರಿನ ಮೇಲಿನಿಂದ ಹಾದು ಬಂದು ನನ್ನ ಹಣೆಗೇ ತಾಗಿತು.

ಆಪರೇಷನ್ ಚೆನ್ನಾಗಿ ಆಯಿತು. ಹೊಸ ಮೊಣಕಾಲು ಬಂತು. ನಿಂತು ಬಗ್ಗಿ ಕೈ ಬೀಸುವ ವ್ಯಾಯಾಮ ಒಳ್ಳೆಯದು ಎಂದು ಡಾಕ್ಟರು ಹೇಳಿದ್ದೇ ತಡ, ನಮ್ಮ ಊಟದ ಮೇಜಿನ ನಡುವೆ ಒಂದು ಬಲೆ ಎದ್ದು ನಿಂತಿತು. ನಾವು ಮತ್ತೆ ತಟ್ಟೆಗಳನ್ನು ತೊಡೆಯ ಮೇಲಿಟ್ಟುಕೊಂಡು ಊಟ ಮಾಡುತ್ತಿದ್ದೇವೆ.

ಇಷ್ಟಾದಮೇಲೂ ನನಗೆ ಬುದ್ಧಿ ಬಂತೆ? ಒಂದು ದಿನ ಊಟ ಮುಗಿಸಿ ಪಾತ್ರೆಗಳ ಗುಡ್ಡ ನೋಡುತ್ತಿದ್ದಾಗ ಒಂದು ದಿವ್ಯವಾದ ಉಪಾಯ ಹೊಳೆಯಿತು. ಈ ಮನೆಯಲ್ಲಿ ಇಷ್ಟು ಕಾಲ ನಡೆದ ಅನ್ಯಾಯಕ್ಕೆ ಇದೇ ಮದ್ದು ಎಂದುಕೊಂಡೆ. ಎಲ್ಲರನ್ನೂ ಕೂರಿಸಿ ಕಾನೂನು ಮಂಡಿಸಿದೆ. ಇನ್ನು ಮುಂದೆ ಪ್ರತಿ ರಾತ್ರಿ ಎಲ್ಲರೂ ಎಲ್ಲರ ಜೊತೆಗೂ ಆಡಬೇಕು. ಯಾರು ಎಲ್ಲರಿಗಿಂತ ಕಡಿಮೆಯೋ ಅವರು ಪಾತ್ರೆ ತೊಳೆಯಬೇಕು. ಗಂಡು ಹೆಣ್ಣು ಎಂಬ ಭೇದವಿಲ್ಲ, ಅತ್ತೆ ಸೊಸೆ ಎಂಬ ಭೇದವಿಲ್ಲ. ಅತ್ತೆಯನ್ನು ಗೆಲ್ಲಲಾಗದಿದ್ದರೂ ಗಂಡನನ್ನು ಗೆಲ್ಲಬಲ್ಲೆ ಎಂಬುದು ನನ್ನ ಒಳಲೆಕ್ಕ. ಲೋಟ ತೊಳೆಯುವುದಕ್ಕೇ ಅಷ್ಟು ಹೊತ್ತು ತೆಗೆದುಕೊಳ್ಳುವ ಮನುಷ್ಯ, ಚೆಂಡು ಬರುವ ವೇಳೆಗೆ ಬ್ಯಾಟನ್ನು ಬೆಳಕಿಗೆ ಹಿಡಿದು ನೋಡುತ್ತಿರುತ್ತಾರೆ ಎಂದುಕೊಂಡಿದ್ದೆ.

ಕಾನೂನು ಒಮ್ಮತದಿಂದ ಪಾಸಾಯಿತು. ಅಷ್ಟು ಬೇಗ ಪಾಸಾದಾಗಲೇ ನನಗೆ ಅನುಮಾನ ಬರಬೇಕಿತ್ತು.

ಗಂಡ ಮಧ್ಯಾಹ್ನ ಊಟಕ್ಕೆಂದು ಮನೆಗೆ ಬಂದಾಗಲೆಲ್ಲ, ನಾನು ಆಫೀಸಿನಲ್ಲಿರುವಾಗ, ಅಮ್ಮ ಮಗನಿಗೆ ಆಟ ಹೇಳಿಕೊಡುತ್ತಿದ್ದರಂತೆ. ಮಗಳಿಗೂ ಅಜ್ಜಿಯದೇ ತರಬೇತಿ. ಮೂವರ ಮಣಿಕಟ್ಟೂ ಒಂದೇ ಥರ ಹೊರಳುತ್ತದೆ.

ಈಗ ದಿನಾ ಊಟವಾದ ಮೇಲೆ ನ್ಯಾಯಬದ್ಧವಾಗಿ, ನಾನೇ ಬರೆದ ಕಾನೂನಿನ ಪ್ರಕಾರ, ಪಾತ್ರೆ ತೊಳೆಯುವವಳು ನಾನೇ. ಗಂಡ ಬಾಗಿಲಿಗೆ ಒರಗಿ ನಿಂತು, "ಒಂದು ಲೋಟ ನಾನು ತೊಳೀಲಾ?" ಎಂದು ಕೇಳುತ್ತಾರೆ. "ಬೇಡ, ಸೋತವಳು ನಾನು" ಎನ್ನುತ್ತೇನೆ. ಒಂದಕ್ಕೆ ನಿಲ್ಲಿಸುತ್ತಾರೆ ಎಂದು ಗೊತ್ತಿರುವುದರಿಂದ ಅಲ್ಲ, ಮಾನ ಎಂಬುದೊಂದಿದೆ. ಎಲ್ಲ ತೊಳೆದಾದ ಮೇಲೆ ಸೌಟನ್ನು ಒರೆಸಿ, ಒಲೆಯ ಎಡಗಡೆ ಇಡುತ್ತೇನೆ.